ಶಿವಲೀಲಾ ಗುರುತು ಹಾಕದ ದಿನಗಳು

2024ರಲ್ಲಿ ನಾನು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನರ್ಸ್ ಆಗಿದ್ದೆ. ಅದು ನನ್ನ ನೌಕರಿಯ ಕೊನೆಯ ವರ್ಷ. ಎರಡು ಮಂಚ, ಒಂದು ಔಷಧದ ಬೀರು, ಗೋಡೆಯಾಚೆ ಇಡೀ ದಿನ ಗುಂಯ್‌ಗುಡುವ ಹೊಲಿಗೆ ಯಂತ್ರಗಳು: ನನ್ನ ಸಿಕ್ ರೂಮ್ ಅಂದರೆ ಇಷ್ಟೇ. ಈಗ ಮನೆಯಲ್ಲಿ ಫ್ಯಾನಿನ ಸದ್ದೊಂದೇ ಕೇಳುವ ಮಧ್ಯಾಹ್ನಗಳಲ್ಲಿ ಆ ಗದ್ದಲ ನೆನಪಾಗುತ್ತದೆ. ಹನ್ನೊಂದು ಗಂಟೆಗೆ ಚಹಾಕ್ಕೆ ಬಿಟ್ಟ ಕೂಡಲೇ ಹೆಂಗಸರು ಬಾಗಿಲಿಗೆ ಮುಗಿಬೀಳುತ್ತಿದ್ದರು. "ಸಿಸ್ಟರ್, ಒಂದು ನೋವಿನ ಮಾತ್ರೆ!" ನಾನು ಬೈಯುತ್ತಿದ್ದೆ, ಬೈಯುತ್ತಲೇ ಕೊಡುತ್ತಿದ್ದೆ.

ರಿಜಿಸ್ಟರಿನಲ್ಲಿ ಮಾತ್ರ ಹೆಸರು ಬರೆಯುತ್ತಿರಲಿಲ್ಲ. ಹೆಸರು ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಆ ಹೆಂಗಸಿಗೆ 'ಯಾವಾಗಲೂ ಕಾಯಿಲೆಯವಳು' ಎಂಬ ಹಣೆಪಟ್ಟಿ ಗ್ಯಾರಂಟಿ. ಹಾಗಾಗಿ 'ನಾಲ್ಕನೇ ಲೈನ್, ಹತ್ತು ಮಾತ್ರೆ' ಎಂದು ಯಂತ್ರಗಳ ಸಾಲನ್ನಷ್ಟೇ ಬರೆಯುವುದು ನನ್ನ ಪದ್ಧತಿ. ಆ ಹೆಂಗಸರಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಶಿವಲೀಲಾ ಆ ನಾಲ್ಕನೇ ಲೈನಿನವಳು. ಕೊಪ್ಪಳದ ಕಡೆಯವಳು, ಕಾಲರ್ ಹೊಲಿಯುವುದರಲ್ಲಿ ಪಳಗಿದ ಕೈ. ಗಂಡ ತೀರಿಕೊಂಡಿದ್ದ, ಬಾಡಿಗೆ ಕೋಣೆಯಲ್ಲಿ ಅವಳು ಮತ್ತು ಏಳನೇ ತರಗತಿಯ ಮಗಳು. ಮೈಗ್ರೇನ್ ಅವಳನ್ನು ಹಿಂಡಿ ಹಿಪ್ಪೆ ಮಾಡಿತ್ತು. ಅರ್ಧ ತಲೆ ಸಿಡಿತ, ವಾಂತಿ, ಟ್ಯೂಬ್‌ಲೈಟ್ ಕಂಡರಾಗದು. ನನ್ನ ಮಾತ್ರೆ ನುಂಗಿಯೇ ದಿನ ದೂಡುತ್ತಿದ್ದಳು. ಒಂದು ದಿನ ಸೂಜಿ ಬೆರಳಿಗೇ ಇಳಿಯಿತು. ಇನ್ನೊಮ್ಮೆ ಹೀಗಾದರೆ ಕೆಲಸದಿಂದ ಬಿಡಿಸುವುದಾಗಿ ಮ್ಯಾನೇಜರ್ ಹೇಳಿದರು. ಕೆಲಸ ಹೋದರೆ ಮಗಳ ಓದು ನಿಲ್ಲಿಸಿ ಊರಿಗೆ ಮರಳುವುದೊಂದೇ ಅವಳಿಗೆ ದಾರಿ.

ನಾನೇ ಅವಳನ್ನು ಹೊಸೂರು ರಸ್ತೆಯ ಖಾಸಗಿ ಆಸ್ಪತ್ರೆಯ ನರರೋಗ ತಜ್ಞರ ಬಳಿ ಕರೆದೊಯ್ದೆ. ಮೈಗ್ರೇನ್ ಬಾರದಂತೆ ತಡೆಯುವ ಎರಡು ಬಗೆಯ ಹಳೆಯ ಮಾತ್ರೆಗಳನ್ನು ಅವಳು ಆಗಲೇ ನುಂಗಿ ನೋಡಿದ್ದಳು. ಒಂದರಿಂದ ಗುಣ ಕಾಣಲಿಲ್ಲ, ಇನ್ನೊಂದು ಹಗಲೆಲ್ಲ ತೂಕಡಿಸುವಂತೆ ಮಾಡಿತು. ತಜ್ಞರು ಹೊಸ ಇಂಜೆಕ್ಷನ್ ಬಗ್ಗೆ ಹೇಳಿದರು. ನೋವನ್ನು ಎಬ್ಬಿಸುವ ಸಿಜಿಆರ್‌ಪಿ ಎಂಬ ಪ್ರೋಟೀನನ್ನು ಅದು ತಡೆಯುತ್ತದೆ. ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚಿಸಿಕೊಳ್ಳಬೇಕು. ಬೆಲೆ ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. "ಕಾರ್ಮಿಕ ವಿಮೆ ಆಸ್ಪತ್ರೆಗೆ ಹೋಗಿ. ಮೂರು ತಿಂಗಳ ತಲೆನೋವಿನ ಡೈರಿ ಇದ್ರೆ ಅವ್ರು ತರಿಸಿಕೊಡಬಹುದು," ಎಂದು ಪತ್ರ ಬರೆದುಕೊಟ್ಟರು, ಪುಣ್ಯಾತ್ಮ.

ನಾನು ಅವಳಿಗೆ ಕ್ಯಾಲೆಂಡರ್ ಕೊಟ್ಟು, ನೋವಿದ್ದ ದಿನಕ್ಕೆಲ್ಲ ಗುರುತು ಹಾಕು ಎಂದೆ. ಮೂರು ತಿಂಗಳ ಮೇಲೆ ವಿಮೆ ಆಸ್ಪತ್ರೆಯ ವೈದ್ಯೆಯ ಮುಂದೆ ಅದನ್ನು ಬಿಚ್ಚಿಟ್ಟೆವು. ಒಟ್ಟು ನಾಲ್ಕೇ ಗುರುತು!

"ಮೂರು ತಿಂಗಳಲ್ಲಿ ನಾಲ್ಕು ದಿನ ಅಂದ್ರೆ ಈ ಇಂಜೆಕ್ಷನ್ ಕೇಳಕ್ಕಾಗಲ್ಲ ಸಿಸ್ಟರ್," ಎಂದರು ವೈದ್ಯೆ.

ಹೊರಗೆ ಬರುತ್ತಲೇ ಅವಳ ಮೇಲೆ ಹರಿಹಾಯ್ದೆ. "ಏನೇ ಇದು? ದಿನಾ ತಲೆ ಹಿಡ್ಕೊಂಡು ನನ್ನ ಹತ್ರ ಬರ್ತಿದ್ದೋಳು ನೀನೇ ತಾನೆ?"

"ರಜಾ ಹಾಕಿದ್ದು ನಾಕ ದಿನ ಅಲ್ಲೇನ್ರಿ ಅಕ್ಕಾ. ಉಳಿದ ದಿನ ಡ್ಯೂಟಿ ಮಾಡೀನಿ. ಡ್ಯೂಟಿ ಮಾಡಿದ ದಿನ ಜಡ್ಡು ಅಂತ ಹೆಂಗ ಬರೀಲ್ರಿ?"

"ಸರಿ, ನುಂಗಿದ ಮಾತ್ರೆಗಳ ವಿಷಯನಾದ್ರೂ ಡಾಕ್ಟರ್ ಹತ್ರ ಹೇಳ್ಬಾರ್ದಿತ್ತಾ?"

"ಅಷ್ಟು ಮಾತ್ರಿ ಕೊಟ್ರಿ ಅಂತ ನಿಮ್ಮ ಹೆಸರು ಕೆಡ್ತೈತಲ್ರಿ."

ಅಯ್ಯೋ ಶಿವನೇ! ನಾನು ಅವಳ ಹೆಸರು ಮುಚ್ಚಿಟ್ಟರೆ ಅವಳು ನನ್ನ ಹೆಸರು ಮುಚ್ಚಿಟ್ಟಿದ್ದಳು. ಹೆಸರಿಲ್ಲದ ಆ ರಿಜಿಸ್ಟರ್ ಈಗ ಸಾಕ್ಷಿಗೂ ಬಾರದು.

ಮರುದಿನವೇ ವೈದ್ಯೆಗೆ ಪತ್ರ ಬರೆದೆ. ಈಕೆಗೆ ವಾರದಲ್ಲಿ ನಾಲ್ಕೈದು ದಿನ ನೋವಿನ ಮಾತ್ರೆ ಕೊಟ್ಟಿದ್ದೇನೆ, ಹೆಸರು ದಾಖಲಿಸದಿದ್ದುದು ನನ್ನ ತಪ್ಪು ಎಂದು. ಕಾರ್ಖಾನೆಯ ಸೀಲು ಬೇಕಿತ್ತು. ಮ್ಯಾನೇಜರ್ ಓದಿ ಕೆಂಡವಾದರು.

"ಏನ್ ಸಿಸ್ಟರ್, ರಿಟೈರ್ ಆಗೋ ಟೈಮಲ್ಲಿ ಬೇಕಾ ಇದೆಲ್ಲ? ಆಡಿಟ್‌ನೋರು ಕೇಳಿದ್ರೆ ನಿಮ್ಮನ್ನೇ ತೋರಿಸ್ತೀನಿ."

"ತೋರ್ಸಿ ಸಾರ್. ಕೊಟ್ಟಿದ್ದು ನಾನೇ ತಾನೆ?"

ಜೋರಾಗಿಯೇ ಅಂದೆ, ಆದರೆ ಹೆದರಿರಲಿಲ್ಲ ಎಂದರೆ ಸುಳ್ಳಾದೀತು. ಅವರು ಗೊಣಗುತ್ತಲೇ ಸೀಲು ಒತ್ತಿದರು. ಶಿವಲೀಲಾಳನ್ನು ಸೂಜಿಯಿಂದ ದೂರ, ಪ್ಯಾಕಿಂಗ್ ಮೇಜಿಗೆ ಹಾಕಲು ಕಾಡಿ ಬೇಡಿ ಒಪ್ಪಿಸಿದೆ.

ಪತ್ರ ಓದಿದ ವೈದ್ಯೆ ನನ್ನನ್ನೇ ದಿಟ್ಟಿಸಿದರು. "ಇಷ್ಟೊಂದು ತಗೊಂಡ್ರೆ ಮಾತ್ರೆನೇ ತಲೆನೋವು ತರುತ್ತೆ. ನಿಮಗೆ ಗೊತ್ತಿಲ್ವಾ?" ಗೊತ್ತಿತ್ತು. ಅವರು ಮಾತ್ರೆಗೆ ಮಿತಿ ಹಾಕಿ ಹೊಸ ಡೈರಿ ಶುರು ಮಾಡಿಸಿದರು. ಈ ಸಲ ದಿನಾ ಊಟದ ಬಿಡುವಿನಲ್ಲಿ ಎದುರು ಕೂರಿಸಿಕೊಂಡು ನಾನೇ ಗುರುತು ಹಾಕಿಸಿದೆ. ಮೊದಲ ತಿಂಗಳೇ ಹತ್ತೊಂಬತ್ತು! ಶಿಫಾರಸು, ಮಂಜೂರಾತಿ, ಮತ್ತೆ ಸಾಲು, ಮತ್ತೆ ಸಹಿ ಎಲ್ಲ ಮುಗಿದು ದಸರಾ ಹೊತ್ತಿಗೆ ಮೊದಲ ಇಂಜೆಕ್ಷನ್ ಸಿಕ್ಕಿತು.

ನೋವು ಪೂರ್ತಿ ಹೋಗಲಿಲ್ಲ. ತಿಂಗಳಿಗೆ ಐದಾರು ದಿನಕ್ಕೆ ಇಳಿಯಿತು, ಅವಳು ಮತ್ತೆ ಕಾಲರ್ ಹೊಲಿಯಲು ಕೂತಳು. ಮೂರನೇ ಇಂಜೆಕ್ಷನ್ ಆದ ವಾರ ಸಿಕ್ ರೂಮಿಗೆ ಬಂದಳು.

"ಮತ್ತೇನೇ ನಿಂದು?" ಎಂದೆ.

"ಏನಿಲ್ರಿ ಅಕ್ಕಾ. ನಿನ್ನಿ ಮಗಳು ಹಾಲು ಚೆಲ್ಲಿದ್ಳು. ಹೊಡೀತೀನಿ ಅಂತ ಹೆದರಿ ಮೂಲ್ಯಾಗ ನಿಂತಿದ್ಳು. ನಂಗ ಸಿಟ್ಟಽ ಬರ್ಲಿಲ್ಲ. ನಾ ಸಿಡುಕಿ ಅಂತ ಇಷ್ಟು ವರ್ಷ ನಾನೂ ತಿಳ್ಕೊಂಡಿದ್ದೆ. ನಾ ಹಂಗಿಲ್ರಿ ಅಕ್ಕಾ."

ಇಬ್ಬರೂ ಅತ್ತುಬಿಟ್ಟೆವು.

ಕೆಲಸಕ್ಕೆ ಬಂದವರೆಲ್ಲ ಚೆನ್ನಾಗಿದ್ದಾರೆ ಎಂದುಕೊಳ್ಳುವುದು ಮ್ಯಾನೇಜರುಗಳ ಚಾಳಿ ಎಂದು ಜೀವಮಾನವಿಡೀ ಆಡಿಕೊಂಡಿದ್ದೆ. ಮಾತ್ರೆ ಕೊಟ್ಟು, ಬೆನ್ನು ತಟ್ಟಿ, ಅವಳನ್ನು ದಿನವೂ ಯಂತ್ರದ ಮುಂದೆ ವಾಪಸು ಕೂರಿಸಿದವಳು ನಾನೇ.