ಹುಳದ ಮನೆಯೊಳಗೆ, ಫ್ಲಾಶ್ ಇಲ್ಲದೆ

ನನ್ನ ಸೋದರತ್ತೆ ಬಾಳಿನುದ್ದಕ್ಕೂ ರೇಷ್ಮೆ ಹುಳ ಸಾಕಿದವಳು. ಆದರೆ ಹುಳದ ಬಾಯಿಂದ ನೂಲು ಬರುವುದನ್ನು ಮಾತ್ರ ಅವಳು ಕಣ್ಣಾರೆ ಕಂಡಿರಲಿಲ್ಲ. ಕೇಳಿದವರು ನಂಬುವುದಿಲ್ಲ, ನಾನೂ ನಂಬಿರಲಿಲ್ಲ.

"ಹಣ್ಣಾದ ಹುಳ ಆಯ್ದು ಗೂಡು ಕಟ್ಟೋ ಚಂದ್ರಿಕೆಗೆ ಬುಡೋ ದಿನ ಉಣ್ಣಕ್ಕೇ ಪುರುಸೊತ್ತಿರಾಕಿಲ್ಲ, ಇನ್ನು ನೋಡ್ಕಂಡ್ ಕೂತ್ಕಳಾದುಂಟಾ? ತಿರುಗಿ ನೋಡೋ ಹೊತ್ಗೆ ಅದು ಗೂಡೊಳಗಿರ್ತದೆ" ಎಂದಿದ್ದಳು. ಈಗ ಕಣ್ಣಿಗೆ ಪೊರೆ ಬೇರೆ ಬಂದಿತ್ತು. ರಾಮನಗರದ ಹತ್ತಿರ, ಕೆಂಗಲ್ಲಿನಾಚೆಯ ಅವಳ ಹಿಪ್ಪುನೇರಳೆ ಸೊಪ್ಪಿನ ತೋಟ ಕಾರ್ಖಾನೆಗೆಂದು ಹೋಗಿ, ಸುತ್ತ ಕಲ್ಲುಕಂಬವನ್ನೂ ನೆಟ್ಟಾಗಿತ್ತು. ಇದೇ ಕೊನೆಯ ಬೆಳೆ. "ಈ ಸಲಾನಾದ್ರೂ ಒಸಿ ತೋರ್ಸ್ಲಾ, ನೀನು ಫೋಟೊ ಹೊಡೆಯೋನಲ್ವಾ" ಎಂದು ನನಗೆ ಫೋನು ಮಾಡಿಸಿದಳು.

ನಾನು ರಾಮನಗರದ ಕಲ್ಯಾಣಮಂಟಪಗಳಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದವನು. ಫ್ಲಾಶೇ ನನ್ನ ಅನ್ನ. ಆಗಷ್ಟೇ ಬಂದಿದ್ದ, ಒಳಗೆ ಕನ್ನಡಿಯಿಲ್ಲದ ಹೊಸ ಕ್ಯಾಮೆರಾವೊಂದನ್ನು ಕೊಂಡಿದ್ದೆ. ಲೆನ್ಸು ಕಂಡದ್ದನ್ನೆಲ್ಲ ಅದು ಹಿಂದಿನ ಪರದೆಯ ಮೇಲೆ ಆಗಿಂದಾಗಲೇ ತೋರಿಸುತ್ತಿತ್ತು, ಬೇಕೆಂದರೆ ದೊಡ್ಡದು ಮಾಡಿಯೂ ತೋರಿಸುತ್ತಿತ್ತು. ಅದನ್ನು ಕೊರಳಿಗೆ ಹಾಕಿಕೊಂಡು ಜಂಬದಿಂದಲೇ ಹೋದೆ.

ಹೊಸಿಲಲ್ಲೇ ಅತ್ತೆ ಮೂಗರಳಿಸಿದಳು. "ಏನ್ಲಾ ಅದು ಘಮಘಮ? ಸೆಂಟ್ ಬಳ್ಕಂಡು ಹುಳದ ಮನೇಗ್ ಬತ್ತೀಯಾ? ನೀನೇನ್ ಮದ್ವೆಗಂಡಾ?" ಎಂದು ತೊಟ್ಟಿಯ ಬಳಿಗೆ ಅಟ್ಟಿದಳು. ಸೋಪಿಲ್ಲದೆ ಸ್ನಾನ ಮಾಡಿ, ಮಾವನ ಪಂಚೆ ಉಟ್ಟು ಬಂದೆ. ಫ್ಲಾಶ್ ಕಂಡವಳೇ ಅದನ್ನೂ ಜಗಲಿಯ ಮೇಲೆ ಇಡಿಸಿದಳು. ಮನೆ ಅಳಿಯನಿಗೂ ಇಷ್ಟು ಉಪಚಾರ ಮಾಡುವವಳಲ್ಲ ಅವಳು.

ಒಳಗೆ ನಸುಗತ್ತಲು. ಒಂದು ಕಡೆಯಿಂದ ಬೆಳಕು ಬಿದ್ದರೆ ಹುಳಗಳೆಲ್ಲ ನೆರಳಿನ ಕಡೆಗೆ ಹರಿದು, ಎರಡೆರಡು ಸೇರಿ ಒಂದೇ ಗೂಡು ಕಟ್ಟಿ ಕೆಡಿಸುತ್ತವೆಂದು ಕಿಟಕಿಗಳಿಗೆ ಗೋಣಿತಾಟು ಇಳಿಬಿಟ್ಟಿದ್ದರು. ನನಗೋಸ್ಕರ ಅತ್ತೆ ಒಂದೇ ಒಂದು ಚಂದ್ರಿಕೆಯನ್ನು, ಅಂದರೆ ಹುಳ ಗೂಡು ಕಟ್ಟಲೆಂದು ಬಿದಿರಿನ ಪಟ್ಟಿ ಸುತ್ತಿದ ತಟ್ಟಿಯನ್ನು, ಬಾಗಿಲ ಬಳಿ ಒರಗಿಸಿದಳು. ಅದರ ಗೂಡುಗಳು ಕೆಟ್ಟರೆ ಕೆಡಲಿ ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ಮೊದಮೊದಲು ಹೊಡೆದದ್ದೆಲ್ಲ ಮಸಕು. ಹುಳದ ತಲೆ ನಿಲ್ಲುವುದೇ ಇಲ್ಲ, ಎಡಕ್ಕೂ ಬಲಕ್ಕೂ ತೂಗಾಡುತ್ತಲೇ ಇರುತ್ತದೆ. ಶಟರ್ ನಿಧಾನ ಮಾಡಿದರೆ ತಲೆಯಿದ್ದ ಕಡೆ ಬರೀ ಹೊಗೆ. ಚುರುಕು ಮಾಡಿದರೆ ಕತ್ತಲು. ಕತ್ತಲಲ್ಲೂ ಕಾಣಲೆಂದು ಐಎಸ್‌ಒ ಏರಿಸಿದರೆ ಚಿತ್ರದ ತುಂಬ ರಾಗಿಹಿಟ್ಟು ಉದುರಿಸಿದ ಹಾಗೆ ಕಾಳುಕಾಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಹುಳಕ್ಕೂ ಬೈದೆ, ಕ್ಯಾಮೆರಾಕ್ಕೂ ಬೈದೆ. ಕೊನೆಗೆ ಒಗೆದ ಬಿಳಿ ಪಂಚೆಯೊಂದನ್ನು ಬಾಗಿಲಿನ ಎದುರಿಗೆ ಹರವಿದೆ. ಹೊರಗಿನ ಬೆಳಕು ಅದಕ್ಕೆ ತಾಕಿ ಚಂದ್ರಿಕೆಯ ಮೇಲೆ ಮೆತ್ತಗೆ ಬಿತ್ತು. ಸೊಪ್ಪಿನ ಕುಕ್ಕೆಯನ್ನು ಬೋರಲು ಹಾಕಿ, ಕ್ಯಾಮೆರಾವನ್ನು ಅದರ ಮೇಲೆ ಅಲುಗದಂತೆ ಕೂರಿಸಿ, ಲೆನ್ಸಿನ ಬಾಯಿ ಪೂರ್ತಿ ತೆರೆದು ಪರದೆಯನ್ನು ದೊಡ್ಡದು ಮಾಡಿದೆ.

ಆಗ ಕಂಡಿತು. ತೂಗುವ ತಲೆ ತಿರುಗುವ ಕಡೆಯಲ್ಲೆಲ್ಲ, ರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ, ಒಂದು ಚೂರು ನಿಲ್ಲುತ್ತದೆ. ಅಲ್ಲೇ ಉಸಿರು ಹಿಡಿದು ಒತ್ತಿದೆ. ತುಟಿಯ ಕೆಳಗಿಂದ ಹೊರಟ ಒಂದೆಳೆ ಹೊಳೆಯುತ್ತ ಬಿದಿರಿಗೆ ಹೋಗಿ ಅಂಟಿತ್ತು. ಎಷ್ಟು ಮದುಮಕ್ಕಳ ರೇಷ್ಮೆ ಸೀರೆಗೆ ಬೆಳಕು ಹೊಡೆದಿದ್ದೆ! ಅಷ್ಟೂ ಇಂಥ ಬಾಯಿಗಳಿಂದ ಬಂದದ್ದು ಎಂದು ಗೊತ್ತಿದ್ದರೂ ಆವತ್ತಿನವರೆಗೆ ನಂಬಿರಲಿಲ್ಲ ಅನ್ನಿಸಿತು.

ಫೋಟೊ ತೋರಿಸಿದೆ. ಅತ್ತೆ ಕ್ಯಾಮೆರಾವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಿಂತೋಗೈತಲ್ಲಾ."

"ನಿಲ್ಸೋಕೇ ಅಲ್ವಾ ಅತ್ತೆ ಇಷ್ಟೊತ್ತು ಬಡ್ಕಂಡಿದ್ದು!"

"ನಿಂತಿರೋ ಹುಳನ ನಾನ್ ನೋಡಿಲ್ವಾ? ಅದು ಕಟ್ಟೋದ್ ತೋರ್ಸ್ಲಾ."

ನನ್ನ ಜಂಬವೆಲ್ಲ ಇಳಿಯಿತು. ಪರದೆಯಿಂದ ಆ ಚಿತ್ರ ಸರಿಸಿ, ಕ್ಯಾಮೆರಾವನ್ನು ಮತ್ತೆ ಕುಕ್ಕೆಯ ಮೇಲಿಟ್ಟು ಜೀವಂತ ಹುಳವನ್ನೇ ಪರದೆಯ ತುಂಬ ಮಾಡಿ ಕೊಟ್ಟೆ. ಅತ್ತೆ ನೆಲಕ್ಕೆ ಕೂತು ಮುಖವನ್ನು ಪರದೆಗೆ ತಂದಳು. ತಲೆ ಆ ಕಡೆ ಹೋಯಿತು, ಈ ಕಡೆ ಬಂತು, ಎಳೆಯ ಹಿಂದೆ ಎಳೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ನನ್ನವ್ವಾ, ಎಂಗ್ ಕಟ್ತಾ ಐತೆ ನೋಡು" ಎಂದಳು, ನನಗಲ್ಲ.

ಬಾಗಿಲ ಬೆಳಕು ಇಳಿಯುತ್ತಿತ್ತು, ಹುಳದ ಸುತ್ತ ಬಿಳಿ ಪೊರೆ ದಪ್ಪವಾಗುತ್ತಿತ್ತು. ಬ್ಯಾಟರಿಯ ಗುರುತು ಕೆಂಪಾಯಿತು. "ಅತ್ತೆ, ಚಾರ್ಜ್ ಮುಗೀತದೆ, ಇನ್ನೊಂದೆರಡು ಫೋಟೊ ಹೊಡ್ಕಂಬುಡ್ತೀನಿ" ಎಂದೆ.

ಅವಳು ಕಣ್ಣೆತ್ತಲಿಲ್ಲ. "ಸುಮ್ಕಿರ್ಲಾ. ಅದು ಕಣ್ಮರೆ ಆಗೋಗಂಟ ನಾನು ನೋಡ್ತೀನಿ" ಎಂದಳು.