ಪರೀಕ್ಷೆಯಿಲ್ಲದ ಓದು

ನಲವತ್ತಕ್ಕೆ ಕಾಲಿಟ್ಟ ಮೇಲೆ ನನಗೆ ಕಾದಂಬರಿ ಓದುವ ಆಸೆ ಹಿಡಿಯಿತು. ಆಸೆ ಹಿಡಿಯಿತೇ ಹೊರತು ಓದು ಹಿಡಿಯಲಿಲ್ಲ. ಆಂಡರ್ಸನ್‌ಪೇಟೆಯ ಶಾಲೆಯೊಂದರ ಆಫೀಸಿನಲ್ಲಿ ನನ್ನ ಕೆಲಸ. ಅಲ್ಲಿ ಟೀಚರೊಬ್ಬರು ಊಟದ ಬಿಡುವಿನಲ್ಲಿ ಪುಸ್ತಕ ಹಿಡಿದು ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ನೋಡಿ ನೋಡಿ ಹೊಟ್ಟೆ ಉರಿದು, ಅವರಿಂದಲೇ ಒಂದು ದಪ್ಪ ಕಾದಂಬರಿ ಕೇಳಿ ತಂದೆ.

ದಿನಕ್ಕೆ ಹತ್ತು ಪುಟ ಎಂದು ಶಪಥ ಮಾಡಿದೆ. ಮೊದಲ ದಿನ ಹತ್ತು, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಬರೀ ಫೋನು. ಓದುವುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ರೀತಿ, ಪೆನ್ಸಿಲ್ ಹಿಡಿದು ಮುಖ್ಯವಾದ ಕಡೆ ಗೆರೆ ಎಳೆಯುವುದು. ನಾಯಕಿ ಅತ್ತಳು ಎಂದಿದ್ದ ಕಡೆಯೂ ಗೆರೆ ಎಳೆದೆ, ಎರಡು ಅಂಕಕ್ಕೆ ಬರಬಹುದು ಅನ್ನುವ ಹಾಗೆ. ಬೇರೆಯವರ ಪುಸ್ತಕ ಎಂದು ಆಮೇಲೆ ನೆನಪಾಗಿ ಕೂತು ಅಳಿಸಿದೆ.

ನಮ್ಮದು ಬಂಗಾರಪೇಟೆ ಹತ್ತಿರದ ಹಳ್ಳಿ. ಮನೆಯಲ್ಲಿ ಗಂಡ, ಅತ್ತೆ, ಎರಡು ಹಸು. ಸಂಜೆ ಹಾಲು ಕರೆಯುವುದು ನನ್ನ ಪಾಲಿನ ಕೆಲಸ. ಒಂದು ಸಂಜೆ ಜಗಲಿಯಲ್ಲಿ ಪುಸ್ತಕ, ಪೆನ್ಸಿಲ್ ಹಿಡಿದು ಕೂತಿದ್ದೆ. ಅತ್ತೆ ಬಂದು ನೋಡಿ, ಹಾಲಿನ ಬಕೆಟ್ಟು ಎತ್ತಿಕೊಂಡರು.

"ನೀನ್ ಓದ್ಕೋ. ಆಲು ನಾನ್ ಕರೀತೀನಿ."

ನಮ್ಮ ಕಡೆ ಓದು ಅಂದರೆ ಪರೀಕ್ಷೆ. ಪೇಪರ್ ನೋಡುತ್ತೇವೆ, ಮದುವೆ ಕಾರ್ಡು ನೋಡುತ್ತೇವೆ. ಓದುವುದು ಮಾತ್ರ ಪಾಸಾಗಲಿಕ್ಕೆ. ಸೊಸೆ ಯಾವುದೋ ಪರೀಕ್ಷೆ ಕಟ್ಟಿದ್ದಾಳೆ ಎಂದು ಅತ್ತೆ ತಿಳಿದರು. ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. ಮರುದಿನದಿಂದ ಸಂಜೆ ಟಿವಿ ಬಂದ್. ಗಂಡ ಫೋನಿನಲ್ಲಿ ಜೋರಾಗಿ ಮಾತಾಡಿದರೆ, "ಆಚೆ ಓಗಿ ಮಾತಾಡ್ಲಾ, ಅವ್ಳು ಓದ್ಕಂತವ್ಳೆ" ಎಂದು ಗದರಿಕೆ. ನೆನಪಿನ ಶಕ್ತಿಗೆಂದು ಕೆರೆ ಪಕ್ಕದಿಂದ ಒಂದೆಲಗ ಕಿತ್ತು ತಂದು ದಿನಾ ಚಟ್ನಿ ಅರೆದರು.

ಗಂಡನಿಗೆ ನಿಜ ಗೊತ್ತಿತ್ತು. "ನಿನ್ ಪರೀಕ್ಷೆ ಬೇಗ ಮುಗ್ಸು, ಈ ಚಟ್ನಿ ತಿಂದೂ ತಿಂದೂ ನಂಗೆ ಒಂದ್ನೇ ಕ್ಲಾಸಿಂದೆಲ್ಲ ಗೆಪ್ತಿಗೆ ಬತ್ತಾ ಐತೆ" ಎಂದು ಆಡಿಕೊಳ್ಳುತ್ತಿದ್ದ.

ಇಷ್ಟೆಲ್ಲ ಉಪಚಾರವಾದರೂ ನಾನು ನೂರನೆಯ ಪುಟದಲ್ಲೇ ತೂಕಡಿಸುತ್ತಿದ್ದೆ. ಕೊಟ್ಟಿಗೆಯಲ್ಲಿ ಅತ್ತೆ ನೋಯುವ ಮಂಡಿ ಹಿಡಿದು "ಅಮ್ಮಾ" ಎಂದು ಏಳುವುದು ಕೇಳಿಸುತ್ತಿತ್ತು. ನಾಚಿಕೆಯಾಗುತ್ತಿತ್ತು. ಒಂದು ಭಾನುವಾರ ಅವರೇ ಕೇಳಿದರು.

"ಪರೀಕ್ಸೆ ಯಾವತ್ತಮ್ಮಾ?"

"ಪರೀಕ್ಷೆ ಇಲ್ಲ ಅತ್ತೆ. ಇದು ಕಥೆ ಪುಸ್ತಕ. ಸುಮ್ನೆ, ಖುಷಿಗೆ ಓದ್ತಾ ಇದೀನಿ."

ಅತ್ತೆ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಖುಸಿಗೆ ಓದೋಳು ನಿದ್ದೆ ಯಾಕ್ ಮಾಡ್ತೀಯ?" ಎಂದರು. ಅವರ ಮುಖ ಇಳಿದುಹೋಯಿತು.

"ನೀನ್ ಪಾಸಾಗೋಗಂಟ ಎಲೆ ಅಡ್ಕೆ ಮುಟ್ಟಲ್ಲ ಅಂತ ಗಂಗಮ್ಮಂಗೆ ಅರಕೆ ಒತ್ತಿದೀನಿ. ಈಗೇನ್ ಮಾಡ್ಲಿ?"

ಐವತ್ತು ವರ್ಷದಿಂದ ಊಟವಾದ ತಕ್ಷಣ ಎಲೆ ಅಡಿಕೆ ಹಾಕಿಕೊಂಡ ಬಾಯಿ. ತಿಂಗಳಿಂದ ಬರಿದಾಗಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು.

"ಪುಸ್ತಕ ಪೂರ್ತಿ ಮುಗ್ಸು. ಮುಗ್ಸಿದ್ರೆ ಪಾಸು. ಗಂಗಮ್ಮಂಗೆ ನಾನ್ ಏಳ್ಕಂತೀನಿ."

ಹೀಗೆ ಖುಷಿಗೆಂದು ಹಿಡಿದ ಪುಸ್ತಕವೂ ಪರೀಕ್ಷೆಯಾಯಿತು. ಹಾಲು ಕರೆಯುವ ಕೆಲಸ ವಾಪಸು ತಗೊಂಡೆ. ಕೆಲಸಕ್ಕೆ ಹೋಗಿಬರುವ ಮಾರಿಕುಪ್ಪಂ ರೈಲಿನಲ್ಲಿ ನಿಂತುಕೊಂಡೇ ಓದಿದೆ. ಮನೆಗೆ ಬಂದರೆ ಫೋನು ಗಂಡನ ಜೇಬಿಗೆ. ಓದುತ್ತಿದ್ದದ್ದು ಅತ್ತೆಯ ಎಲೆ ಅಡಿಕೆಗಾಗಿ. ಆದರೆ ಇನ್ನೂರನೆಯ ಪುಟ ದಾಟಿದ ಮೇಲೆ ಯಾರಿಗಾಗಿ ಓದುತ್ತಿದ್ದೇನೆ ಎನ್ನುವುದು ಆಗಾಗ ಮರೆತುಹೋಗುತ್ತಿತ್ತು. ಒಂದು ದಿನ ಇಳಿಯುವ ಸ್ಟೇಷನ್ನೂ ಮರೆತುಹೋಯಿತು.

ಹನ್ನೆರಡನೆಯ ದಿನ ಸಂಜೆ ಡೇರಿಗೆ ಹಾಲು ಹಾಕಿ ಬಂದು ಜಗಲಿಯಲ್ಲಿ ಕೂತೆ. ಅತ್ತೆ ಎದುರಿಗೆ ಬಂದು, ಎಲೆಗೆ ಸುಣ್ಣ ಸವರಿ, ಅಡಿಕೆ ಚೂರಿಟ್ಟು ಮಡಿಸಿ, ಬೆರಳಲ್ಲಿ ಹಿಡಿದು ಕೂತರು.

"ಇನ್ನೆಷ್ಟೈತೆ?"

ನಾಲ್ಕು ಪುಟ ಉಳಿದಿತ್ತು. ಇದು ಮುಗಿಯಬಾರದು ಎಂದು ಒಂದು ಪುಸ್ತಕದ ಬಗ್ಗೆ ನನಗೆ ಅನ್ನಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

"ಇನ್ನೊಂದು ಹತ್ತು ಪುಟ ಅತ್ತೆ" ಎಂದು ಸುಳ್ಳು ಹೇಳಿ, ಅಧ್ಯಾಯದ ಮೊದಲಿಗೆ ತಿರುಗಿಸಿದೆ.