ಯಾವ ಕೋರ್ಟಿಗೂ ಸೇರದ ಅರ್ಜಿ

ಮೊನ್ನೆ ಮೆಲ್ಬೋರ್ನಿನ ಟಾರ್ನೀಟ್‌ನಲ್ಲಿ ಮಗಳ ಡ್ರೈವಿಂಗ್ ಕ್ಲಾಸಿನ ಕಾರು ಬಂದು ನಿಂತಿತು. ಬಾಗಿಲು ತೆಗೆದರೆ ಒಳಗಿಂದ ಕರ್ಪೂರದ ವಾಸನೆ. ಬಹಳ ವರ್ಷಗಳ ಹಿಂದೆ, ಇದೇ ಊರಿನ ಕ್ಲೇಟನ್‌ನಲ್ಲಿ ನನಗೆ ಕಾರು ಕಲಿಸಿದ ಅಂಕಲ್ ಕೂಡ ಡ್ಯಾಶ್‌ಬೋರ್ಡಿನ ಮೇಲೆ ಕರ್ಪೂರ ಇಡುತ್ತಿದ್ದರು...

ಉಡುಪಿ ಕಡೆಯವರು. ನಾನು ಬ್ರೇಕ್ ಹಾಕುವುದು ತಡವಾದರೆ ತುಳುವಿನಲ್ಲಿ ಗೊಣಗಿ, ಆಮೇಲೆ ಕನ್ನಡದಲ್ಲಿ ಸಮಾಧಾನ ಹೇಳುವ ಮನುಷ್ಯ. ಧಾರವಾಡದಿಂದ ಓದಲು ಬಂದಿದ್ದ ನನಗೆ ನೀರುದೋಸೆಯ ರುಚಿ ಹಿಡಿಸಿದ್ದು ಅವರ ಹೆಂಡತಿ, ನಮ್ಮ ಆಂಟಿ. ಅಂಥವರು ಓಡಿಸುತ್ತಿದ್ದ ಕಾರಿಗೆ ಒಂದು ಸಂಜೆ ತಿರುವಿನಲ್ಲಿ ಸೈಕಲ್ ಸವಾರನೊಬ್ಬ ಸಿಕ್ಕಿ ಸತ್ತುಹೋದ. ಅಂಕಲ್ ಕೋರ್ಟಿನಲ್ಲಿ ನೆಪ ಹೇಳಲಿಲ್ಲ, ತಪ್ಪೊಪ್ಪಿಕೊಂಡರು.

ಶಿಕ್ಷೆ ಕೊಟ್ಟದ್ದು ಮೆಲ್ಬೋರ್ನಿನ ಕೋರ್ಟು. ಆಂಟಿ ಪಕ್ಕದ ರಾಜ್ಯದ ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿದ್ದ ತಮ್ಮನ ಮನೆ ಸೇರಿದ್ದರಿಂದ, ಅಂಕಲ್ ಕೇಳಿಕೊಂಡು ಸಿಡ್ನಿಯ ಜೈಲಿಗೆ ವರ್ಗವಾದರು. ತಾಪತ್ರಯ ಅಲ್ಲಿಂದ ಶುರು. ತೀರ್ಪಿಗೆ ಮೊದಲು ಜಾಮೀನು ಸಿಗದೆ ಮೆಲ್ಬೋರ್ನಿನಲ್ಲಿ ಒಳಗಿದ್ದ ತಿಂಗಳುಗಳನ್ನು ಶಿಕ್ಷೆಯಲ್ಲಿ ಹಿಡಿದಿಲ್ಲ ಎಂಬುದು ಅವರ ದೂರು. ಅಷ್ಟರಲ್ಲಿ ಆಂಟಿಗೆ ಕ್ಯಾನ್ಸರ್. ಡಾಕ್ಟರು ಹೇಳಿದ್ದೂ ತಿಂಗಳುಗಳ ಮಾತನ್ನೇ.

ಅಂಕಲ್ ವಕೀಲರಿಲ್ಲದೆ ತಾವೇ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವಧಿ ಮುಗಿದರೂ ಹಿಡಿದಿಟ್ಟಿದ್ದಾರೆ, ಬಿಡಿಸಿ ಎಂದು. ಶಿಕ್ಷೆ ಮೆಲ್ಬೋರ್ನಿನದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿತು ಸಿಡ್ನಿಯ ಕೋರ್ಟು. ಕೈದಿ ಇರುವುದು ಸಿಡ್ನಿಯಲ್ಲಿ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿತು ಮೆಲ್ಬೋರ್ನಿನ ಕೋರ್ಟು. ಮತ್ತೆ ಹಾಕಿದರು. ಮತ್ತೆ ಅದೇ ಉತ್ತರ, ಜೊತೆಗೆ ‘ಇದೇ ಅರ್ಜಿ ಹಿಂದೆಯೂ ಬಂದಿತ್ತು’ ಎಂಬ ಬುದ್ಧಿಮಾತು. ಬಂದಿತ್ತು, ಸರಿ. ಒಳಗೇನಿದೆ ಎಂದು ನೋಡಿದವರು ಯಾರು?

ಆಂಟಿ ಹೋದರು. ಕಾವಲಿನವರ ನಡುವೆ ಬಂದ ಅಂಕಲ್ ಹೆಂಡತಿಯ ಮುಖ ನೋಡಿ ವ್ಯಾನು ಹತ್ತಿದರು. ಆಮೇಲೆ ಮತ್ತೊಂದು ಅರ್ಜಿ! ಜೈಲಿನಿಂದ ಫೋನು ಮಾಡಿದಾಗ ನಾನು ರೇಗಿಯೇ ಕೇಳಿದೆ.

“ಅಂಕಲ್, ಆಂಟೀನೇ ಹೋದ್ರು. ಇನ್ನ ಯಾಕ್ರೀ ಇದು?”

“ನನ್ನ ಲೆಕ್ಕ ತಪ್ಪಾದ್ರೆ ತಪ್ಪು ಅಂತ ಹೇಳಲಿ ಮಾರಾಯ್ತಿ. ಒಪ್ತೇನೆ. ಕೇಳದೇ ಬಾಗಿಲಿಂದ ಕಳಿಸುದು ಎಂಥ ಕ್ರಮ?”



ಕೊನೆಗೆ, ಜೈಲಿನವರ ಲೆಕ್ಕದ ದಿನವೇ ಹೊರಬಂದರು. ಕಡೆಯ ಅರ್ಜಿಯ ಆದೇಶ ಬಂದದ್ದು ಅದಾದ ಮೇಲೆ. ಅರ್ಜಿದಾರ ಈಗ ಬಂಧನದಲ್ಲಿಲ್ಲ, ಹಾಗಾಗಿ ತೀರ್ಮಾನಿಸಲು ಏನೂ ಉಳಿದಿಲ್ಲವಂತೆ! ಅಂಕಲ್ ಅದನ್ನು ಫೋನಿನಲ್ಲಿ ಓದಿ ಹೇಳಿ, “ಇಡ್ತೇನೆ ಆಯ್ತಾ” ಎಂದರು...

ಮತ್ತೆ ಅವರು ಸ್ಟಿಯರಿಂಗ್ ಮುಟ್ಟಲಿಲ್ಲ. ಹೋದ ಚಳಿಗಾಲದಲ್ಲಿ ಹ್ಯಾರಿಸ್ ಪಾರ್ಕಿನ ಆ ಮನೆಯಲ್ಲೇ ತೀರಿಕೊಂಡರು. ಅವರ ಲೆಕ್ಕ ಸರಿಯಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಬೇಕಾದವರು ಹೇಳಲಿಲ್ಲ. ಕೇಳುತ್ತಿದ್ದ ಮನುಷ್ಯ ಈಗ ಇಲ್ಲ.